ಪೆಟ್ಟಿಗೆ ಅಣ್ಣನಿಗೆ, ವಾಲ್ವು ತಮ್ಮನಿಗೆ

ರೇಡಿಯೋವನ್ನು ಯಾರಾದರೂ ಭಾಗ ಮಾಡಿಕೊಂಡದ್ದು ಕೇಳಿದ್ದೀರಾ? ನಗರಗೆರೆಯ ಹನುಮಂತರಾಯಪ್ಪ ಮತ್ತು ಅವನ ತಮ್ಮ ರಾಮಾಂಜಿನಪ್ಪ ಮಾಡಿಕೊಂಡಿದ್ದರು. ಹೊಲ, ಬಾವಿ, ಹಸು, ಹಂಡೆ ಎಲ್ಲ ಪಾಲಾದ ಮೇಲೆ ಅಪ್ಪ ತಂದಿದ್ದ ವಾಲ್ವ್ ರೇಡಿಯೋ ಒಂದು ಉಳಿಯಿತು. ಇಬ್ಬರೂ ಬಿಡಲೊಲ್ಲರು. ಪಂಚಾಯಿತಿಗೆ ಕೂತಿದ್ದ ಹಿರಿಯರೊಬ್ಬರು ಬೇಸತ್ತು, "ಪೆಟ್ಟಿಗೆ ಅವನಿಗೆ, ಒಳಗಿನ ವಾಲ್ವು ಇವನಿಗೆ, ಹೋಗ್ರಪ್ಪ ಅತ್ಲಾಗೆ!" ಎಂದರು. ಈ ಮಹಾನುಭಾವರು ಅದಕ್ಕೂ ಒಪ್ಪಿಬಿಟ್ಟರು! ರಾಮಾಂಜಿನಪ್ಪ ಬಲ್ಬಿನಂಥ ಐದೂ ಗಾಜಿನ ವಾಲ್ವು ಕಿತ್ತು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಹೆಂಡತಿ ವರಲಕ್ಷ್ಮಿಯ ಊರು ಜಂಗಮಕೋಟೆಗೆ ಹೋಗಿ ನೆಲೆಸಿದ. ಆಮೇಲೆ ಮೂವತ್ತು ವರ್ಷ ಮದುವೆಮನೆಗಳಲ್ಲಿ ಎದುರಾದರೂ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಂಡರು.

ಅಂಥ ತಮ್ಮ ಇವತ್ತು ಬೆಳಿಗ್ಗೆ ಬಸ್ಸಿಳಿದು ಬಂದು ಅಣ್ಣನ ಜಗುಲಿಯ ಮೇಲೆ ಆ ಡಬ್ಬಿ ಇಟ್ಟ.

"ಹಳೇ ಮನೆ ಕೆಡವ್ತಾ ಇದೀವಿ. ಇದನ್ನ ಎಸೆಯೋಕೆ ಮನಸ್ಸು ಬರ್ಲಿಲ್ಲ. ಹಾಕ್ಕೊ. ಒಂದ್ಸಲ ಹಾಡಿದ್ದು ಕೇಳ್ಕೊಂಡು ಮೂರು ಗಂಟೆ ಬಸ್ಸಿಗೆ ಹೊರಟೋಗ್ತೀನಿ. ಅಲ್ಲಿಗೆ ಮುಗೀತು."

ಆ 'ಮುಗೀತು' ಹನುಮಂತರಾಯಪ್ಪನ ಎದೆಗೆ ನಾಟಿತು. ತಮ್ಮ ಬಾಗಿಲಿಗೆ ಬಂದನಲ್ಲ ಎಂದು ಆಗಷ್ಟೇ ಜೀವ ಹಿಗ್ಗಿತ್ತು. ರೇಡಿಯೋ ಹಾಡಿತೋ, ತಮ್ಮ ಹೊರಟ. ಮತ್ತೆ ಬರಲು ಅವನಿಗೆ ನೆಪವೇ ಉಳಿಯುವುದಿಲ್ಲ. ಹಾಗಂತ ಬಾಯಿಬಿಟ್ಟು ಹೇಳುವ ಪೈಕಿಯೇ ಆಸಾಮಿ? "ಸರಿ, ತೆಗಿ," ಎಂದ ಗಡುಸಾಗಿ.

ತೆಗೆದರೆ ಯಾವ ವಾಲ್ವಿನ ಮೇಲೂ ಒಂದಕ್ಷರವಿಲ್ಲ.

"ಏನೋ ಇದು, ನಂಬರೆಲ್ಲ ತಿಕ್ಕಿ ಹಾಕಿದೀಯಲ್ಲೋ! ತಪ್ಪಿ ಕೂರಿಸಿದ್ರೆ ಎಲ್ಲಾ ಸುಟ್ಟೋಗುತ್ತೆ ಅಂದಿದಾನೆ ಗೌರಿಬಿದನೂರಿನ ರೇಡಿಯೋ ಮೆಕ್ಯಾನಿಕ್ಕು."

"ನಾನೆಲ್ಲಿ ತಿಕ್ದೆ? ಪ್ರತಿ ಆಯುಧಪೂಜೆಗೂ ವರಲಕ್ಷ್ಮಿ ಒದ್ದೆ ಬಟ್ಟೇಲಿ ಒರೆಸಿ, ವಿಭೂತಿ ಇಟ್ಟು, ಹೂ ಏರಿಸ್ತಿದ್ಲು. ಅಪ್ಪನ ವಸ್ತು ಅಲ್ವಾ?"

ಹನುಮಂತರಾಯಪ್ಪನ ಸಿಟ್ಟು ಇಳಿದೇಹೋಯಿತು. ಅವನೂ ಖಾಲಿ ಪೆಟ್ಟಿಗೆಗೆ ವರ್ಷವರ್ಷ ಕುಂಕುಮ ಇಟ್ಟವನೇ. ಯಾವತ್ತಾದರೂ ಬೇಕಾದೀತು ಎಂದು ಗೌರಿಬಿದನೂರಿಗೆ ಹೊತ್ತೊಯ್ದು ವೈರುಗಳನ್ನೆಲ್ಲ ಸರಿಮಾಡಿಸಿಯೂ ಇಟ್ಟಿದ್ದ.

ಇಬ್ಬರೂ ರೇಡಿಯೋದ ಹಿಂದಿನ ರಟ್ಟು ಬಿಚ್ಚಿ ಚಾಪೆಯ ಮೇಲೆ ಕೂತರು. ಅಪ್ಪ ಕಡ್ಲೆಕಾಯಿ ಧಾರಣೆ ಕೇಳುತ್ತ ಎಲ್ಲರನ್ನೂ ಸುಮ್ಮನಿರಿಸುತ್ತಿದ್ದ ಸಂಜೆಗಳಲ್ಲಿ ಅಣ್ಣ ಮುಂದೆ ಕೂರುತ್ತಿದ್ದ, ತಮ್ಮ ಹಿಂದೆ ಸೇರಿಕೊಂಡು ರಟ್ಟಿನ ತೂತುಗಳಲ್ಲಿ ಇಣುಕುತ್ತಿದ್ದ. ಕಾದ ಧೂಳಿನ ಆ ವಾಸನೆ ಇಬ್ಬರಿಗೂ ಈಗಲೂ ಮೂಗಿನಲ್ಲಿದೆ. ಸ್ಟೇಷನ್ ಸಿಕ್ಕಾಗ ಮುಂದೆ ಹಸಿರಾಗಿ ಹೊಳೆಯುತ್ತಿದ್ದ ಕಣ್ಣಿನ ವಾಲ್ವು ತಾನೇ ಗೊತ್ತಾಯಿತು. ಮೈಮೇಲೆ ಗೀರಿದ್ದದ್ದು ತಗಡಿನ ಕೊಳವೆಯೊಳಗೆ ಕೂರುವಂಥದ್ದು.

"ಈ ಉದ್ದಂದು ಸ್ಪೀಕರ್ ಪಕ್ಕದ್ದು," ಎಂದ ತಮ್ಮ. "ಮುಟ್ಟಿ ಬೆರಳು ಸುಟ್ಕೊಂಡಿದ್ದೆ. ಅಮ್ಮ ಬೆಣ್ಣೆ ಹಚ್ಚಿದ್ಲು."

"ನಾನು ಬೈದಿದ್ದೆ."

"ಬೈದಿದ್ದಲ್ಲ, ಬಾರಿಸಿದ್ದೆ."

"ಬಾರಿಸಿದ್ದೆ, ಹೌದು," ಎಂದು ಹನುಮಂತರಾಯಪ್ಪ ನಕ್ಕುಬಿಟ್ಟ. ಎಷ್ಟು ವರ್ಷವಾಗಿತ್ತೋ ಹೀಗೆ ಕೂತು!

ಉಳಿದವು ಎರಡು. ಒಂದೇ ಎತ್ತರ, ಒಂದೇ ದಪ್ಪ. ಅದರಲ್ಲೊಂದು ಎಲ್ಲಕ್ಕೂ ಕರೆಂಟು ಹಂಚುವ ವಾಲ್ವು. ಅದರ ಹೆಸರಿನಲ್ಲಿ ಝಡ್ ಇರುತ್ತದೆ, ಅಕ್ಷರ ಅಳಿಸಿದ್ದರೆ ಫ್ರಿಜ್ಜಿನಲ್ಲಿಟ್ಟು ತೆಗೆದು ಬಿಸಿಯುಸಿರು ಬಿಟ್ಟು ನೋಡಿ ಎಂದು ಮೆಕ್ಯಾನಿಕ್ಕು ಹೇಳಿಕೊಟ್ಟಿದ್ದ. "ಅಯ್ಯೋ ಶಿವನೇ, ಮೊಸರಿನ ಪಕ್ಕ ರೇಡಿಯೋನಾ!" ಎಂದು ಗೊಣಗುತ್ತಲೇ ಹೆಂಡತಿ ಶ್ಯಾಮಲಮ್ಮ ಫ್ರಿಜ್ಜಿನಲ್ಲಿ ಜಾಗ ಮಾಡಿದಳು. ಅವು ತಣ್ಣಗಾಗುವಷ್ಟರಲ್ಲಿ ಮೈದುನನಿಗೆ ಬಲವಂತ ಮಾಡಿ ಊಟವನ್ನೂ ಬಡಿಸಿದಳು.

ಎರಡೂವರೆ ದಾಟಿತ್ತು. ತಮ್ಮ ಆಗಲೇ ಕೈಚೀಲ ಹೆಗಲಿಗೆ ಹಾಕಿಕೊಂಡಿದ್ದ. ಹನುಮಂತರಾಯಪ್ಪ ಒಂದು ವಾಲ್ವನ್ನು ಬಾಯಿಯ ಹತ್ತಿರ ಹಿಡಿದು 'ಹಾ' ಎಂದು ಉಸಿರು ಬಿಟ್ಟ. ಗಾಜು ಮಂಜಾಯಿತು. ಎರಡು ಬಿಳಿ ತಲೆಗಳು ಒಂದಕ್ಕೊಂದು ತಾಗುವಂತೆ ಬಾಗಿದವು. ಮಂಜಿನ ನಡುವೆ ಮಸುಕಾಗಿ ಅಕ್ಷರ ಎದ್ದವು.

"ಇ... ಝಡ್..." ಎಂದು ತಮ್ಮ ಓದತೊಡಗಿದ.

ಹನುಮಂತರಾಯಪ್ಪ ಹೆಗಲಿನ ಟವೆಲ್ಲಿನಿಂದ ಗಾಜನ್ನು ಗಬಕ್ಕನೆ ಒರೆಸಿಬಿಟ್ಟ.

"ಏನೂ ಕಾಣಿಸ್ಲಿಲ್ಲ ಕಣೋ," ಎಂದ. "ನಾಳೆ ಬೆಳಿಗ್ಗೆ ಎಳೆಬಿಸಿಲಿಗೆ ಹಿಡಿದು ನೋಡಣ. ಇವತ್ತು ಇದ್ದುಬಿಡು."

ರಾಮಾಂಜಿನಪ್ಪ ಆ ಮುಖವನ್ನೇ ನೋಡಿದ. ಒರೆಸಿದ ಗಾಜನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ ಟವೆಲ್ಲನ್ನೂ ನೋಡಿದ. ಆಮೇಲೆ ಕೈಚೀಲ ಇಳಿಸಿ ಗೂಟಕ್ಕೆ ನೇತುಹಾಕಿದ.

"ಹೌದಣ್ಣ, ನನಗೂ ಏನೂ ಕಾಣಿಸ್ಲಿಲ್ಲ," ಎಂದು, ಒಳಮನೆಯ ಕಡೆ ತಿರುಗಿ ಕೂಗಿದ: "ಅತ್ತಿಗೇ, ರಾತ್ರಿಗೆ ನನಗೂ ಒಂದು ಮುದ್ದೆ."