ಸೂಜಿ ಹಾಕಿದ ಹಸುವಿನ ಹಾಲು

ಹಾಲು ಅಳೆಯುವ ಮನೆಯೆಂದರೆ ಊರಂಚಿನಲ್ಲಿ ತಗಡು ಹೊದೆಸಿದ ಒಂದು ಕೋಣೆ. ಒಳಗೊಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಉದ್ದ ಕೊರಳಿನ ಗಾಜಿನ ಪಾತ್ರೆ, ಅದರೊಳಗೆ ಮುಳುಗಿ ತೇಲುತ್ತ, ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಗಾಜಿನ ಕಡ್ಡಿ. ಬೆಳಗಾದರೆ ಊರವರು ಪಾತ್ರೆ ಹಿಡಿದು ಸಾಲು ನಿಲ್ಲುತ್ತಿದ್ದರು. ಕಡ್ಡಿ ಎಲ್ಲಿಗೆ ನಿಂತಿತೆಂದು ಬಗ್ಗಿ ನೋಡಿ ಅಳೆಯುವವನು "ಹೂಂ" ಎಂದರೆ ಹಾಲು ದೊಡ್ಡ ಕ್ಯಾನಿಗೆ, "ಊಹೂಂ" ಎಂದರೆ ತಂದವರ ಕೈಗೇ ವಾಪಸು. ಹಾಗೆಂದೇ ಅವನಿಗೆ ಕಡ್ಡಿಯಣ್ಣ ಎಂಬ ಹೆಸರು ಬಿದ್ದಿತ್ತು. ಮಾತೂ ಕಡ್ಡಿ ಮುರಿದ ಹಾಗೆಯೇ. ತಂಗಿಯ ಗಂಡ ತಂದ ಹಾಲನ್ನೂ ಒಮ್ಮೆ ಎಲ್ಲರೆದುರಿಗೆ ತಿರುಗಿಸಿ ಕಳಿಸಿ, ವರ್ಷವಿಡೀ ಆ ಮನೆಯವರ ಮುಖ ಕಾಣದೆ ಇದ್ದವನು.

ಅವನ ಹೆಂಡತಿ ಹಟ್ಟಿ ನೋಡಿಕೊಳ್ಳುತ್ತಿದ್ದಳು. ಗಂಡ ಅಳೆಯುವವನಾದ ಮೇಲೆ ಹೆಂಡತಿಯ ಹಾಲಿಗೆ ಊಹೂಂ ಬಂದರೆ ಊರು ಬಿಡಬೇಕಾದೀತು. ಅದಕ್ಕೆ ಅವಳು ಕೆಚ್ಚಲು ಬಿಸಿನೀರಿನಲ್ಲಿ ತೊಳೆದು, ಮೊದಲ ನಾಲ್ಕು ಧಾರೆ ನೆಲಕ್ಕೆ ಬಿಟ್ಟು, ಪಾತ್ರೆಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಬೋರಲು ಹಾಕಿ, ಹಾಲನ್ನು ಎರಡು ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಪರೀಕ್ಷೆಗೆ ಹೋಗುವ ವಸ್ತುವನ್ನು ಮೊದಲೇ ಒಪ್ಪ ಮಾಡುವುದು ಅವಳ ಲೆಕ್ಕದಲ್ಲಿ ಮೋಸವಲ್ಲ, ಮರ್ಯಾದೆ.

ಜ್ವರ ಶುರುವಾದದ್ದು ಅವನು ಹುಳುಕು ಹಲ್ಲು ಕೀಳಿಸಿಕೊಂಡು ಬಂದ ಮೇಲೆ. ಹಗಲೆಲ್ಲ ಇಲ್ಲ, ಹೊತ್ತಿಳಿದರೆ ಹೇಳದೆ ಕೇಳದೆ ಬರುವ ನೆಂಟನ ಹಾಗೆ ಬಂದು ಕೂರುತ್ತಿತ್ತು. ಬೆವರು ಸುರಿಸಿ, ಹಾಸಿಗೆ ಒದ್ದೆ ಮಾಡಿ ಹೋಗುತ್ತಿತ್ತು. ಅವನಿಗೆ ಚಿಕ್ಕಂದಿನಲ್ಲೇ ಕೀಲುಜ್ವರ ಬಂದು ಗುಂಡಿಗೆಯ ಒಂದು ಕವಾಟ ಕೆಟ್ಟಿತ್ತು. ಹಾಗೆಂದು ಕ್ಯಾನು ಎತ್ತುವುದನ್ನು ಅವನು ಬಿಟ್ಟಿರಲಿಲ್ಲ. ಈಗ ಅರ್ಧ ಕ್ಯಾನಿಗೇ ಏದುಸಿರು ಬಂದಾಗ ಅವಳು ಹಟ ಹಿಡಿದು ಪಕ್ಕದ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಅಲ್ಲಿನ ಡಾಕ್ಟರಮ್ಮ ಕಿವಿಗೆ ಕೊಳವೆ ಸಿಕ್ಕಿಸಿಕೊಂಡು ಅವನ ಎದೆಯನ್ನು ಬಹಳ ಹೊತ್ತು ಕೇಳಿದರು.

"ಹಲ್ಲು ಕೀಳೋವಾಗ ನಿಮ್ಮ ಗುಂಡಿಗೆ ವಿಷಯ ಅವರಿಗೆ ಹೇಳಿದ್ರಾ?"

"ಹಲ್ಲಿರೋದು ಬಾಯಲ್ಲಿ, ಗುಂಡಿಗೆ ಇರೋದು ಎದೇಲಿ. ಅವರಿಗ್ಯಾಕೆ ಡಾಕ್ಟರಮ್ಮ ನನ್ನ ಮನೆ ಪುರಾಣ?" ಎಂದ ಕಡ್ಡಿಯಣ್ಣ.

ಡಾಕ್ಟರಮ್ಮ ನಗಲಿಲ್ಲ. "ಬಾಯಿಂದ ಕ್ರಿಮಿ ರಕ್ತಕ್ಕಿಳಿದು ಆ ಕೆಟ್ಟ ಕವಾಟದ ಮೇಲೆ ಗೂಡು ಕಟ್ಟಿರಬಹುದು ಅಂತ ನನ್ನ ಅನುಮಾನ. ಒಳಗೆ ನೋಡೋ ಯಂತ್ರ ಇಲ್ಲಿಲ್ಲ, ದೊಡ್ಡಾಸ್ಪತ್ರೇಲಿದೆ. ಅಲ್ಲಿ ಸರದಿ ಬರೋಕೆ ತಿಂಗಳುಗಟ್ಟಲೆ ಕಾಯಬೇಕು. ಆದರೆ ಮಾಮೂಲಿ ರಕ್ತಪರೀಕ್ಷೆ ಇಲ್ಲೇ ಆಗುತ್ತೆ. ಬಿಳಿ ಕಣದಲ್ಲಿ ಒಂದು ಜಾತಿ ಏರಿ ಇನ್ನೊಂದು ಇಳಿದಿದ್ರೆ, ಜೊತೆಗೆ ಉರಿಯೂತದ ಲೆಕ್ಕಾನೂ ಏರಿದ್ರೆ, ಒಳಗೆಲ್ಲೋ ಬೆಂಕಿ ಬಿದ್ದಿದೆ ಅಂತ ಅರ್ಥ. ಅದೊಂದರಿಂದಲೇ ಎಲ್ಲ ತಿಳಿಯಲ್ಲ. ಆದರೆ ಕಣ್ಣು ಕಾಣದ ಕಡೆ ಅದೇ ಕೋಲು."

ರಕ್ತ ತೆಗೆದರು. ಲೆಕ್ಕ ಏರಿತ್ತು.

"ಮುಂದಿನ ವಾರ ಮತ್ತೆ ನೋಡ್ತೀನಿ," ಎಂದರು ಡಾಕ್ಟರಮ್ಮ. "ಆಗಲೂ ಹೀಗೇ ಇದ್ರೆ ಸರದಿ ಗಿರದಿ ಏನಿಲ್ಲ, ನಾನೇ ಮಾತಾಡಿ ನೇರ ದೊಡ್ಡಾಸ್ಪತ್ರೆಗೆ ಸೇರಿಸ್ತೀನಿ. ಅಲ್ಲೀತನಕ ಯಾವ ಮಾತ್ರೇನೂ ಬೇಡ."

ಅಷ್ಟು ಮಾತಿನಲ್ಲಿ ಗಂಡಹೆಂಡಿರ ಕಿವಿಗೆ ಬಿದ್ದದ್ದು ದೊಡ್ಡಾಸ್ಪತ್ರೆ ಎಂಬುದೊಂದೇ. ಅವನ ಅಣ್ಣ ಆ ಆಸ್ಪತ್ರೆಗೆ ತನ್ನ ಕಾಲಲ್ಲೇ ನಡೆದು ಹೋಗಿದ್ದ. ಬಂದದ್ದು ನಾಲ್ವರ ಹೆಗಲ ಮೇಲೆ. ಮನೆ ಹತ್ತಿರವಾದಾಗ ಅವನು ಹೇಳಿದ: "ನನ್ನ ಅಲ್ಲಿಗೆ ಕಳಿಸಬೇಡ. ಸಾಯೋದಾದ್ರೆ ಹಟ್ಟೀಲೇ ಸಾಯ್ತೀನಿ."

"ಬಾಯಿಗೆ ಬಂದ ಹಾಗೆ ಮಾತಾಡಬೇಡಿ. ಪರೀಕ್ಷೆ ಚೆನ್ನಾಗಿ ಬಂದ್ರೆ ಯಾಕೆ ಕಳಿಸ್ತಾರೆ?" ಎಂದಳು.

ಕೀವಾಗದಿರಲೆಂದು ಹಲ್ಲು ಕಿತ್ತವನು ಕೊಟ್ಟಿದ್ದ ಮಾತ್ರೆಗಳಲ್ಲಿ ಅರ್ಧ ಹಾಗೇ ಉಳಿದಿದ್ದವು. ನೋವು ನಿಂತ ಕೂಡಲೇ ಅವನು ನುಂಗುವುದನ್ನು ಬಿಟ್ಟಿದ್ದ. ಪರೀಕ್ಷೆಗೆ ಮೂರು ದಿನ ಮೊದಲೇ ಅವಳು ಆ ಪಟ್ಟಿಯನ್ನು ಡಬ್ಬಿಯಿಂದ ತೆಗೆದು, ಊಟವಾದ ಮೇಲೆ ಮಾತ್ರೆಯೊಂದನ್ನು ಅವನ ಅಂಗೈಯಲ್ಲಿಟ್ಟಳು.

ಅವನು ಅದನ್ನು ತಿರುಗಿಸಿ ನೋಡಿ ನಕ್ಕ. "ಲೇ, ಹಾಲಿಗೆ ನೀರು ಬೆರೆಸೋದಕ್ಕೂ ಇದಕ್ಕೂ ಏನು ವ್ಯತ್ಯಾಸ?"

"ಇದು ಬೆರೆಸೋದಲ್ಲ, ಸೋಸೋದು. ನುಂಗಿ ಸುಮ್ಮನೆ."

ನುಂಗಿದ. ಮಾರನೆಯ ಸಂಜೆ ಜ್ವರದ ನೆಂಟ ಬರಲಿಲ್ಲ. ಅವಳಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ವಾರ ತುಂಬಿ ಮತ್ತೆ ಹೋದಾಗ, ರಕ್ತ ತೆಗೆಯುವವನು ಊರಿನ ಗುರುತಿನವನು, ತೋಳಿಗೆ ಪಟ್ಟಿ ಬಿಗಿಯುತ್ತ, "ಏನಣ್ಣ, ಇವತ್ತು ನನ್ನ ಸರದಿ. ಕಡ್ಡಿ ಹಾಕ್ಲಾ?" ಎಂದ. "ಹಾಕಪ್ಪ, ನೀರಿದ್ರೆ ಹೇಳು, ವಾಪಸು ತಗೊಂಡು ಹೋಗ್ತೀನಿ," ಎಂದ ಕಡ್ಡಿಯಣ್ಣ. ಮೂವರೂ ನಕ್ಕರು. ಡಾಕ್ಟರಮ್ಮನ ಮಾತಿನಂತೆ ಈ ಸಲ ಬೇರೆ ಎರಡು ಸೀಸೆಗಳಿಗೂ ರಕ್ತ ಹೋಯಿತು. ಸೀಸೆಯೊಳಗೆ ಕ್ರಿಮಿಗೆ ಬೇಕಾದ ಆಹಾರವಿದೆ, ರಕ್ತದಲ್ಲಿ ಅದಿದ್ದರೆ ಬೆಚ್ಚಗಿಟ್ಟಾಗ ಬೆಳೆಯುತ್ತದೆ ಎಂದು ಅವನು ವಿವರಿಸಿದ. ಅವಳು ಸೀಸೆಗಳನ್ನೇ ನೋಡುತ್ತ, ಬೆಳೆಯದಿರಲಪ್ಪಾ ಎಂದುಕೊಂಡಳು.

ಲೆಕ್ಕ ಇಳಿದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ನಡುವೆ ಮಾತ್ರೆ ಏನಾದ್ರೂ ತಗೊಂಡ್ರಾ?"

ಅವನು ಹೆಂಡತಿಯ ಮುಖ ನೋಡಿದ. "ಇಲ್ಲ ಡಾಕ್ಟರಮ್ಮ," ಎಂದಳು ಅವಳು.

ಕೆಲವು ದಿನ ಕಳೆದ ಮೇಲೆ ಸೀಸೆಗಳ ಸುದ್ದಿಯೂ ಬಂತು. ಏನೂ ಬೆಳೆದಿರಲಿಲ್ಲ. "ಹಾಗಾದ್ರೆ ಅವಸರ ಇಲ್ಲ ಅನ್ಸುತ್ತೆ," ಎಂದು ಡಾಕ್ಟರಮ್ಮ ದೊಡ್ಡಾಸ್ಪತ್ರೆಯ ಯಂತ್ರಕ್ಕೆ ಎಲ್ಲರ ಹಾಗೆ ಸರದಿಯಲ್ಲಿ ಹೆಸರು ಹಾಕಿಸಿದರು. ಆ ದಿನ ಗಂಡಹೆಂಡಿರು ಹಬ್ಬದಿಂದ ಬರುವವರಂತೆ ಬಂದರು.

ಮಾತ್ರೆ ನಿಂತಿತು, ನೆಂಟ ಮರಳಿದ. ಮತ್ತೆ ಪರೀಕ್ಷೆ ಎಂದರು, ಮತ್ತೆ ಅವಳು ಸೋಸಿದಳು. ಡಬ್ಬಿ ಬರಿದಾದಾಗ ಖಾಲಿ ಪಟ್ಟಿಯನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ಅಂಥದ್ದೇ ತಂದಳು. ಬೀಳುವ ಗೋಡೆಗೆ ಸುಣ್ಣ ಬಳಿದ ಹಾಗೆ, ಪ್ರತಿ ಸಲ ಲೆಕ್ಕ ಚೆನ್ನಾಗಿ ಬರುತ್ತಿತ್ತು, ಪ್ರತಿ ಸಲ ಮನುಷ್ಯ ಇನ್ನಷ್ಟು ಇಳಿಯುತ್ತಿದ್ದ. ಪಾದ ಊದಿದವು. ಹಾಲು ಅಳೆಯುವ ಮನೆಗೆ ಹೋಗಲು ದಾರಿಯಲ್ಲಿ ಎರಡು ಕಡೆ ಕೂರಬೇಕಾಯಿತು. ಕೊನೆಗೆ ಕಡ್ಡಿಯನ್ನು ಬೇರೊಬ್ಬನ ಕೈಗೆ ಕೊಟ್ಟು ಮನೆಯ ಗೋಡೆಗೊರಗಿ ಕೂತ. ಉಗುರ ಕೆಳಗೆ ಸಣ್ಣ ಕೆಂಪು ಗೆರೆಗಳು ಕಂಡವು. ಮುಳ್ಳು ಚುಚ್ಚಿರಬೇಕು ಎಂದುಕೊಂಡಳು.

"ರಕ್ತ ಚೆನ್ನಾಗಿದೆ ಅಂತಾರೆ, ಆಳು ನೋಡಿದ್ರೆ ಹೀಗೆ," ಎನ್ನುತ್ತಿದ್ದಳು ಅತ್ತೆ. "ಚೆನ್ನಾಗಿರೋ ರಕ್ತ ಎಲ್ಲಿ ಹೋಗ್ತಿದೆಯೋ."

ಹೀಗಿರುವಾಗ ಹಟ್ಟಿಯ ಕಪ್ಪು ಹಸುವಿಗೆ ಕೆಚ್ಚಲು ಬಾವು ಬಂತು. ದನದ ಡಾಕ್ಟರು ಬಂದು ಸೂಜಿ ಹಾಕಿ ಹೋದರು. ಸೂಜಿ ಹಾಕಿದ ಹಸುವಿನ ಹಾಲನ್ನು ಕೆಲವು ದಿನ ಅಳೆಯುವ ಮನೆಗೆ ಕೊಡುವಂತಿಲ್ಲ. ಆ ನಿಯಮವನ್ನು ಊರಿಗೆಲ್ಲ ಬೈದು ಕಲಿಸಿದವನೇ ಕಡ್ಡಿಯಣ್ಣ. ಅವಳು ಅದನ್ನು ಬೇರೆ ಕರೆದು ಚೆಲ್ಲುತ್ತಿದ್ದಳು. ಆದರೆ ಗಂಡ ಉಸಿರಿಗೆ ಒದ್ದಾಡಿದ ಒಂದು ಸಂಜೆ, ಮನಸ್ಸೆಲ್ಲೋ ಕೈಯೆಲ್ಲೋ ಆಗಿ, ಆ ಹಾಲನ್ನೇ ಕಾಯಿಸಿ ಆರಿಸಿ ಹೆಪ್ಪು ಹಾಕಿಬಿಟ್ಟಳು.

ಬೆಳಗ್ಗೆ ಅತ್ತೆ ಮುಚ್ಚಳ ತೆಗೆದು ಪಾತ್ರೆಯನ್ನು ವಾಲಿಸಿದಳು. ಒಳಗಿನದು ನೀರಿನ ಹಾಗೆ ತುಳುಕಿತು.

"ಏನೇ ಹುಡುಗಿ, ಸೂಜಿ ಹಸುವಿನ ಹಾಲಿಗೆ ಹೆಪ್ಪು ಹಾಕಿದೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೆ? ಹೆಪ್ಪನ್ನೇ ಕೊಂದುಬಿಡುತ್ತೆ ಆ ಮದ್ದು. ಇನ್ನೆಲ್ಲಿ ಮೊಸರಾಗುತ್ತೆ?"

"ಏನಂದ್ರಿ?"

"ಕಿವೀನೂ ಹೋಯ್ತಾ? ಮದ್ದಿರೋ ಹಾಲಲ್ಲಿ ಏನು ಬೆಳೆಯುತ್ತೆ ಅಂದೆ."

ಅವಳಿಗೆ ಇದು ಹೊಸ ಮಾತಲ್ಲ. ಹಟ್ಟಿಯಲ್ಲಿ ಹುಟ್ಟಿ ಹಟ್ಟಿಗೆ ಬಂದವಳು, ಹತ್ತಾರು ಸಲ ಕಂಡದ್ದೇ. ಆದರೂ ಈಗಲೇ ಮೊದಲು ಕೇಳಿದವಳಂತೆ ನಿಂತಳು. ಅವಳ ಕಣ್ಣಿಗೆ ಪಾತ್ರೆಯ ಮೇಲೆ ಆ ಎರಡು ರಕ್ತದ ಸೀಸೆಗಳು ಬಂದು ಕೂತವು. ಹಾಗೇ, ಏನೂ ಬೆಳೆಯದೆ. ಬೆಳೆಯದಿರಲಪ್ಪಾ ಎಂದು ತಾನು ಬೇಡಿಕೊಂಡದ್ದು ನೆನಪಾಯಿತು. ಕ್ರಿಮಿ ಇರಲಿಲ್ಲವೆಂದಲ್ಲ, ಮದ್ದು ಇತ್ತು.

ಹಾಲು ಚೆಲ್ಲಲೂ ಇಲ್ಲ, ಕಸ ತೆಗೆಯಲೂ ಇಲ್ಲ. ಪೇಟೆಗೆ ಹೊರಟ ಹಾಲಿನ ಗಾಡಿಯನ್ನೇ ಕೈ ಅಡ್ಡ ಹಿಡಿದು ನಿಲ್ಲಿಸಿ ಹತ್ತಿದಳು.

ಡಾಕ್ಟರಮ್ಮನ ಕೋಣೆಯ ಮುಂದೆ ಜನ ಕಾದಿದ್ದರು. ಅವಳು ಯಾರನ್ನೂ ಕೇಳದೆ ಒಳಗೆ ನುಗ್ಗಿ ಖಾಲಿ ಪಟ್ಟಿಗಳನ್ನು ಮೇಜಿನ ಮೇಲಿಟ್ಟಳು.

"ಕೊಟ್ಟಿದ್ದೆ ಡಾಕ್ಟರಮ್ಮ. ಇಲ್ಲ ಅಂದಿದ್ದು ಸುಳ್ಳು."

"ಯಾವಾಗ?"

"ಪ್ರತಿ ಸಲ. ಪರೀಕ್ಷೆಗೆ ಮುಂಚೆ. ಚೆನ್ನಾಗಿ ಬರಲಿ ಅಂತ."

ಡಾಕ್ಟರಮ್ಮ ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಅವರು ಪಟ್ಟಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ ಕೆಳಗಿಟ್ಟರು.

"ಅರೆಬರೆ ಮದ್ದು ಅಮ್ಮ. ಬೆಂಕಿ ಆರಿಸೋಷ್ಟಿಲ್ಲ, ಹೊಗೆ ಮುಚ್ಚೋಷ್ಟಿದೆ. ನಾವು ಹೊಗೆ ನೋಡಿ ತಾನೇ ಬೆಂಕಿ ಅನ್ನೋದು?" ಪಟ್ಟಿಗಳನ್ನು ಬದಿಗೆ ಸರಿಸಿ, "ಈ ರೋಗಕ್ಕೆ ಉಗುರ ಕೆಳಗೆ ಕೆಂಪು ಗೆರೆ ಬರುತ್ತೆ, ಉಗುರು ನೋಡಬೇಕಿತ್ತು ನಾನು. ಅಂಕಿ ನೋಡ್ತಾ ಕೂತೆ," ಎಂದರು. ಆಮೇಲೆ ಫೋನಿಗೆ ಕೈ ಹಾಕಿದರು.

ಆ ಮಧ್ಯಾಹ್ನವೇ ಕಡ್ಡಿಯಣ್ಣನನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದರು. ಬೇಡ ಎನ್ನುವ ತ್ರಾಣವೂ ಅವನಲ್ಲಿ ಉಳಿದಿರಲಿಲ್ಲ. ಯಂತ್ರದ ಪರದೆಯಲ್ಲಿ ಕಪ್ಪು ಬಿಳುಪಿನ ಏನೋ ಒಂದು ಬಡಿದುಕೊಳ್ಳುತ್ತಿತ್ತು. ಅಲ್ಲಿನ ಡಾಕ್ಟರು ಅದರಲ್ಲಿ ತೂಗಾಡುವ ಚೂರೊಂದನ್ನು ಬೆರಳಿಟ್ಟು ತೋರಿಸಿ, ಕವಾಟವೆಂಬುದು ಇಷ್ಟೇ ಉಳಿದಿದೆ ಎಂದರು. ಎದೆ ತೆರೆದು ಬೇರೆ ಕವಾಟ ಕೂರಿಸೋಣವೆಂದರೆ ಮೂತ್ರಪಿಂಡ ಸೋತಿದೆ, ದೇಹ ತಡೆಯುವುದಿಲ್ಲ. ಮದ್ದು ಹನಿಸಿ ನೋಡೋಣ. "ಮೊದಲೇ ಬಂದಿದ್ರೆ," ಎಂದು ಶುರು ಮಾಡಿ, ಅವಳ ಮುಖ ನೋಡಿ, ಅಲ್ಲಿಗೇ ಬಿಟ್ಟರು.

ಹಸಿರು ಬಳಿದ ಉದ್ದ ಕೋಣೆ. ಸಾಲು ಮಂಚಗಳು. ಅವನದು ಕಿಟಕಿಯ ಪಕ್ಕದ್ದು. ಬೆಳಗ್ಗೆ ಬೆಳಗ್ಗೆ ದಾದಿ ತಟ್ಟೆ ಹಿಡಿದು ಬಂದು ರಕ್ತ ತೆಗೆಯುತ್ತಿದ್ದಳು. ಹನಿ ಮದ್ದು ಇಳಿಯುತ್ತಿದ್ದರೂ ಲೆಕ್ಕ ಏರುತ್ತಲೇ ಇತ್ತು. ಈಗ ಬಂದ ಲೆಕ್ಕವೆಲ್ಲ ನಿಜದ್ದೇ. ನಿಜದಿಂದ ಯಾರಿಗೂ ಏನೂ ಆಗಬೇಕಾದ್ದಿರಲಿಲ್ಲ.

ಮೊದಮೊದಲು ದಾದಿ ಬರುವ ಹೊತ್ತಿಗೆ ಅವನು ಅಂಗೈ ಚಾಚುತ್ತಿದ್ದ.

"ಲೇ, ಮಾತ್ರೆ ಕೊಡಲ್ವಾ ಇವತ್ತು? ಕೆಟ್ಟದಾಗಿ ಬಂದ್ರೆ ಮಾನ ಹೋಗುತ್ತೆ."

"ಇಲ್ಲಿ ಅವರೇ ಕೊಡ್ತಾರೆ," ಎಂದು ಅವಳು ಆ ಕೈಯನ್ನು ಮಡಿಸಿ ಹೊದಿಕೆಯೊಳಗೆ ಇಡುತ್ತಿದ್ದಳು. ಸಂಜೆ ಅವನು ಕೇಳುತ್ತಿದ್ದ: "ಏನಂತೆ? ಹೂಂ ಅಂದ್ರಾ?"

"ಇನ್ನೂ ನೋಡ್ತಿದಾರೆ."

"ಇಷ್ಟು ಹೊತ್ತಾ? ನಾನಾಗಿದ್ರೆ ಎರಡು ನಿಮಿಷ." ಅಷ್ಟಕ್ಕೇ ಉಸಿರು ಸಾಲದೆ ಕಣ್ಣು ಮುಚ್ಚುತ್ತಿದ್ದ.

ಒಂದು ಬೆಳಗ್ಗೆ ದಾದಿ ತಟ್ಟೆಯಿಲ್ಲದೆ ಬಂದಳು. ಹೆಂಡತಿಯನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಹೇಳಿದಳು: "ಅಕ್ಕಾ, ಇನ್ನು ರಕ್ತ ತೆಗೆಯೋದು ಬೇಡ ಅಂದಿದಾರೆ ಡಾಕ್ಟರು. ಸುಮ್ಮನೆ ಚುಚ್ಚಿ ನೋಯಿಸೋದ್ಯಾಕೆ? ನೋವಿಗೊಂದು ಸೂಜಿ ಕೊಡ್ತೀವಿ, ಅಷ್ಟೇ. ಮನೆಯವರು ಯಾರಾದ್ರೂ ಬರೋದಿದ್ರೆ ಹೇಳಿ ಕಳಿಸಿ."

ಅವಳು ತಲೆಯಾಡಿಸಿದಳು. ಅತ್ತೆಗೆ ಏನೆಂದು ಹೇಳಿ ಕಳಿಸುವುದು ಎಂದು ಯೋಚಿಸುತ್ತ ಮಂಚದ ಬಳಿ ಬಂದು ಕೂತಳು. ಅವನು ತೋಳು ಹೊರಗೆ ಚಾಚಿ ಕಾಯುತ್ತಿದ್ದ. ಚುಚ್ಚಿದ ಜಾಗಗಳೆಲ್ಲ ನೇರಳೆ ತಿರುಗಿದ್ದವು.

"ಯಾಕೆ, ಬರಲಿಲ್ಲ ಅವಳು?"

"ಇವತ್ತಿಂದ ತೆಗೆಯಲ್ವಂತೆ."

"ತೆಗೆಯಲ್ವಂತಾ?" ಅವನ ಒಣಗಿದ ತುಟಿ ಒಂದು ಕಡೆಗೆ ಎಳೆದುಕೊಂಡಿತು. ನಗುತ್ತಿದ್ದಾನೆಂದು ತಿಳಿಯಲು ಅವಳಿಗೆ ತಡವಾಯಿತು. "ಹಾಗಾದ್ರೆ ಸರಿಯಾಗಿ ಬಂತು ಅನ್ನು. ಹೂಂ ಅಂದ್ರಾ?"

ಕಡ್ಡಿ ಮುರಿದ ಹಾಗೆ ಮಾತಾಡುವವನ ಎದುರು, ಅವಳು ಇನ್ನೊಂದು ಸಲ ಸುಳ್ಳು ಹೇಳಿದಳು.

"ಹೂಂ," ಎಂದಳು.

ಅವನು ತೋಳನ್ನು ತಾನೇ ಒಳಗೆ ಎಳೆದುಕೊಂಡ.