ಲೆಕ್ಕಕ್ಕೆ ಬಾರದ ತಿಂಗಳು

ಚಿತ್ರಭಾನು ಸಂವತ್ಸರದಲ್ಲಿ ಅಧಿಕ ಜ್ಯೇಷ್ಠ ಬಿದ್ದಿತ್ತು. ಅಧಿಕ ಮಾಸವೆಂದರೆ ಕುಷ್ಟಗಿಯ ವಿರೂಪಾಕ್ಷಮ್ಮನಿಗೆ ಇದ್ದೂ ಇಲ್ಲದ ತಿಂಗಳು. ಆ ತಿಂಗಳಲ್ಲಿ ಮದುವೆ ಮಾಡುವಂತಿಲ್ಲ, ಕೂಸನ್ನು ತೊಟ್ಟಿಲಿಗೆ ಹಾಕುವಂತಿಲ್ಲ, ಹೊಸ ಬಳೆ ಇಡಿಸಿಕೊಳ್ಳುವಂತಿಲ್ಲ. ಪಂಚಾಂಗದಲ್ಲಿ ಎರಡು ಜ್ಯೇಷ್ಠಗಳಿದ್ದರೂ ಆಕೆಯ ಪಾಲಿಗೆ ಒಂದೇ. ಮೊದಲನೆಯದು ಬಂತು, ಹೋಯಿತು, ಯಾವ ಲೆಕ್ಕಕ್ಕೂ ಸೇರಲಿಲ್ಲ. ಇಂಥ ಅನುಕೂಲದ ಶಾಸ್ತ್ರವನ್ನು ಬರೆದವರು ಯಾರೇ ಇರಲಿ, ಬಸಿರಾದವರಂತೂ ಅಲ್ಲ.

ವಿರೂಪಾಕ್ಷಮ್ಮ ಅಂದಪ್ಪ ಶೆಟ್ಟರ ಹೆಂಡತಿ. ಶೆಟ್ಟರು ಅರಿವೆ ಅಂಗಡಿ ಇಟ್ಟಿದ್ದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಇದ್ದೊಬ್ಬ ಮಗಳು ಅನ್ನಮ್ಮನನ್ನು ಯಲಬುರ್ಗಾದ ಕಾಳಿನ ವ್ಯಾಪಾರಿ ದೊಡ್ಡಬಸಪ್ಪನಿಗೆ ಕೊಟ್ಟಿದ್ದರು. ಅನ್ನಮ್ಮನಿಗೆ ಎರಡು ಹೆಣ್ಣು ಮಕ್ಕಳು. ಎರಡನೆಯ ಹೆರಿಗೆಯಲ್ಲಿ ಮೂರು ದಿನ ನರಳಿ, ಹಾಸಿದ ಕೌದಿಗಳೆಲ್ಲ ತೊಯ್ಯುವಷ್ಟು ನೆತ್ತರು ಹೋಗಿ, ಆಕೆ ಉಳಿದದ್ದೇ ಹೆಚ್ಚು. ಆಗ ಕೊಪ್ಪಳದಿಂದ ಕರೆಸಿದ್ದ ವೈದ್ಯರು ಹೊರಡುವ ಮುಂಚೆ ವಿರೂಪಾಕ್ಷಮ್ಮನನ್ನು ಬದಿಗೆ ಕರೆದು, ಇನ್ನೊಂದು ಬಸಿರು ನಿಂತರೆ ಈ ಹುಡುಗಿ ನಿಮಗೆ ದಕ್ಕುವುದಿಲ್ಲ ಎಂದು ಹೇಳಿದ್ದರು. ಅದೇ ಮಾತನ್ನು ಅಳಿಯನಿಗೂ ಹೇಳಿದ್ದರು. ಅಳಿಯ ತಲೆಯಾಡಿಸಿದ್ದ. ತಲೆಯಾಡಿಸಿದ ಮೂರು ವರ್ಷಕ್ಕೆ ಅನ್ನಮ್ಮ ಮತ್ತೆ ಬಸಿರಾದಳು.

ಕಾರಹುಣ್ಣಿಮೆಯ ಮರುದಿನ ದೊಡ್ಡಬಸಪ್ಪ ಹೆಂಡತಿಯನ್ನೂ ಮಕ್ಕಳನ್ನೂ ಬಂಡಿಯಲ್ಲಿ ಕರೆತಂದು ತವರಿಗೆ ಬಿಟ್ಟ. ಜೊತೆಗೆ ಅವನ ತಾಯಿ ಪಂಪಮ್ಮನೂ ಬಂದಿದ್ದಳು. ವೈದ್ಯರು ವರ್ಗವಾಗಿ ಹೋಗಿದ್ದಾರೆ, ಹೊಸಬರು ಇನ್ನೂ ಬಂದಿಲ್ಲ, ಏನು ಮಾಡುವುದೆಂದು ಹಿರಿಯರೇ ಹೇಳಬೇಕು ಎಂದು ಅವನು ಕಂಬಕ್ಕೆ ಒರಗಿ ನಿಂತು ಹೇಳಿದ. ಹಿರಿಯರಿಗೆ ಇಷ್ಟು ಗೌರವ ಕೊಡುವ ಬುದ್ಧಿ ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಈ ಪ್ರಯಾಣವೇ ಬೇಕಿರಲಿಲ್ಲ. ವಿರೂಪಾಕ್ಷಮ್ಮ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಳಿಯನಲ್ಲವೇ, ನೀರು ಕೊಟ್ಟಳು, ಊಟ ಬಡಿಸಿದಳು.

ಪಂಪಮ್ಮ ಮಾತ್ರ ಮನಸ್ಸಿನಲ್ಲಿದ್ದುದನ್ನು ಆಡಿದಳು. ಆಕೆ ಕೆಟ್ಟವಳಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ, ಅತ್ತೆಯರ ತಲೆಗೆ ಎಲ್ಲವನ್ನೂ ಕಟ್ಟುವುದು ಭಾಳ ಸುಲಭ. ಆಕೆ ಒಂಬತ್ತು ಹೆತ್ತವಳು, ನಾಲ್ಕನ್ನು ಮಣ್ಣಿಗೆ ಕೊಟ್ಟವಳು. ಸೊಸೆಯ ಮೈದಡವುತ್ತಲೇ ಹೇಳಿದಳು:

"ಬೀಗತೇರ, ಅದನ್ನ ನಾವು ಕರದಿಲ್ಲ, ತಾನ ಬಂದೈತಿ. ಬಂದದ್ದನ್ನ ಹೊರಗ ಹಾಕಾಕ ನಮಗ ಯಾರು ಅಧಿಕಾರ ಕೊಟ್ಟಾರ? ಕೊಟ್ಟಾಂವ ಕಾಯತಾನ."

ಕೊಟ್ಟವನು ನಿನ್ನ ನಾಲ್ಕನ್ನು ಯಾಕೆ ಕಾಯಲಿಲ್ಲ ಎಂದು ಕೇಳಬೇಕೆನಿಸಿತು ವಿರೂಪಾಕ್ಷಮ್ಮನಿಗೆ. ಆ ಮುಖ ನೋಡಿ ಕೇಳಲಾಗಲಿಲ್ಲ. ತಾಯಿ ಮಗ ಮರುದಿನ ಬೆಳಿಗ್ಗೆ ಬಂಡಿ ಹೂಡಿಕೊಂಡು ಹೋದರು.

ಮಗಳ ಮನಸ್ಸನ್ನು ಕೇಳಿದ್ದಾಯಿತು. ಅನ್ನಮ್ಮ ಜೋಳ ಹಸನು ಮಾಡುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆಯೇ, ತನಗೆ ಬದುಕಬೇಕೆನಿಸುತ್ತದೆ, ಈ ಎರಡಕ್ಕೆ ತಾಯಿ ಬೇಕು ಎಂದಳು. ಇನ್ನೊಂದು ಹಿಡಿ ಜೋಳ ಮೊರಕ್ಕೆ ಸುರಿದುಕೊಂಡು, ಹೀಗೆ ಅನ್ನುವುದಕ್ಕೇ ತನಗೆ ಹೆದರಿಕೆಯಾಗುತ್ತದೆ ಎಂದೂ ಅಂದಳು.

ವಿರೂಪಾಕ್ಷಮ್ಮ ಮಠಕ್ಕೆ ಹೋದಳು. ಅವರ ಪದ್ಧತಿಯಲ್ಲಿ ಎಂಟನೆಯ ತಿಂಗಳಿಗೆ ಬಸುರಿಯನ್ನು ಕೂರಿಸಿ, ಒಳಗಿರುವ ಕೂಸಿಗೆಂದು ಒಂದು ಲಿಂಗ ಕಟ್ಟುತ್ತಾರೆ. ಹುಟ್ಟಿದ ಮೇಲೆ ಅದು ಆ ಕೂಸಿನದೇ. ಹಾಗಾದರೆ ಎಂಟು ತುಂಬುವವರೆಗೆ ಅದು ನಮ್ಮದಲ್ಲ, ಯಾರದೂ ಅಲ್ಲ ಎನ್ನಬಹುದಲ್ಲ? ದಾರಿಯುದ್ದಕ್ಕೂ ಆಕೆ ಈ ಮಾತನ್ನು ಜೋಡಿಸಿಕೊಂಡು ಹೋಗಿದ್ದಳು. ಮಠದ ಹಿರಿಯಜ್ಜನವರು ಪೂರ್ತಿ ಕೇಳಿದರು.

"ಲಿಂಗ ಕಟ್ಟೂದು ಅಂದ್ರ ನಾವು ಗುರ್ತು ಹಿಡಿಯೂದು, ತಂಗಿ. ನಾವು ಗುರ್ತು ಹಿಡಿಯೂ ಮಟ ಅದು ಅಲ್ಲಿ ಇಲ್ಲ ಅಂತಲ್ಲ" ಎಂದರು. ಆಕೆ ಎದ್ದು ಹೊರಡುವಾಗ ಮತ್ತೆ ಕರೆದರು. "ನಿನ್ನ ಮಗಳ ಕೊರಳಾಗೂ ಒಂದು ಲಿಂಗ ಐತಿ. ಅದನ್ನೂ ನಾನ ಕಟ್ಟೀನಿ."

ಅದು ಹೂಂ ಅಂದ ಹಾಗೋ ಉಹೂಂ ಅಂದ ಹಾಗೋ, ಅಜ್ಜನವರಿಗೇ ಗೊತ್ತು. ವಿರೂಪಾಕ್ಷಮ್ಮ ಮಾತ್ರ ಹೂಂ ಎಂದೇ ಹಿಡಿದು ಮೆಟ್ಟಿಲಿಳಿದಳು.

ಇನ್ನು ಉಳಿದದ್ದು ಸೈದಾನಬಿ. ಕುಷ್ಟಗಿಯ ಅರ್ಧ ಊರನ್ನು ಕೈಯಲ್ಲಿ ಹಿಡಿದು ಹೊರಗೆ ತಂದ ಸೂಲಗಿತ್ತಿ ಆಕೆ, ಅನ್ನಮ್ಮನನ್ನೂ ಆಕೆಯೇ ತಂದದ್ದು. ಬಸಿರು ಇಳಿಸುವ ಔಷಧವೂ ಆಕೆಗೆ ಗೊತ್ತಿತ್ತು. ಆದರೆ ಅದಕ್ಕೊಂದು ಕಟ್ಟಳೆ ಇಟ್ಟುಕೊಂಡಿದ್ದಳು. ನಾಲ್ಕು ತಿಂಗಳು ತುಂಬುವವರೆಗೆ ಅದು ಬರೀ ನೀರು, ನೆತ್ತರು. ತುಂಬಿದ ದಿನ ಅಲ್ಲಾಹನ ದೂತ ಬಂದು ಅದರಲ್ಲಿ ಜೀವ ಊದಿ ಹೋಗುತ್ತಾನೆ. ಆಮೇಲೆ ಕೈ ಹಾಕಿದರೆ ಖೂನಿ. ನಾಲ್ಕು ದಾಟಿದವರು ಕಾಲು ಹಿಡಿದರೂ ಆಕೆ ಬಾಗಿಲಿನಿಂದಲೇ ತಿರುಗಿ ಕಳಿಸಿದ್ದಳು. ಹಾಗೆ ಹೋದ ಒಬ್ಬಳು ಬಾವಿ ಪಾಲಾಗಿದ್ದಳು. ಆಗಲೂ ಸೈದಾನಬಿ ಕಟ್ಟಳೆ ಸಡಿಲಿಸಿರಲಿಲ್ಲ.

ಅನ್ನಮ್ಮ ಯುಗಾದಿಗೆ ನಾಲ್ಕು ದಿನ ಮೊದಲು ಹೊರಗಾಗಿದ್ದವಳು, ಆಮೇಲೆ ಆಗಿರಲಿಲ್ಲ. ಓಡಾಟ, ಮಠ, ಅಳು, ಅಂಜಿಕೆ ಎನ್ನುವುದರಲ್ಲಿ ಜ್ಯೇಷ್ಠ ಮುಗಿಯುವ ಮಣ್ಣೆತ್ತಿನ ಅಮಾವಾಸ್ಯೆ ಬಂದೇಬಿಟ್ಟಿತು. ಮೊಮ್ಮಕ್ಕಳಿಗೆ ಮಣ್ಣಿನ ಎತ್ತು ಮಾಡಿಕೊಡುತ್ತ ಕೂತಿದ್ದ ವಿರೂಪಾಕ್ಷಮ್ಮ ಬೆರಳು ಮಡಚಿ ನೋಡಿದಳು. ಚೈತ್ರ, ವೈಶಾಖ, ಜ್ಯೇಷ್ಠ. ಮೂರು. ಮತ್ತೊಮ್ಮೆ ಮಡಚಿದಳು, ಆಗಲೂ ಮೂರು. ನಡುವೆ ಒಂದು ಬೆರಳು ಮಡಚಬೇಕಾಗಿತ್ತು, ಅದನ್ನು ಆಕೆ ನೆಟ್ಟಗೇ ಬಿಟ್ಟಿದ್ದಳು. ಗೊತ್ತಿದ್ದು ಬಿಟ್ಟಳೋ, ಗೊತ್ತಿಲ್ಲದೆಯೋ ಎಂದರೆ ನಾನೇನು ಹೇಳಲಿ? ಮಗಳು ಬದುಕಬೇಕು ಎನ್ನುವ ತಾಯಿ ಎಷ್ಟು ಎಣಿಸಬೇಕೋ ಅಷ್ಟು ಎಣಿಸಿದಳು.

ಮರುದಿನ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಿದ್ದ ಅನ್ನಮ್ಮ ತಟ್ಟನೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅವ್ವಾ, ಒಳಗ ಸಣ್ಣ ಮೀನು ಹೊರಳಿದಂಗ ಆತು" ಎಂದಳು.

"ವಾಯು ಇರಬೇಕು. ರಾತ್ರಿ ಅಲಸಂದಿ ತಿಂದೀಯಲ್ಲ" ಎಂದಳು ತಾಯಿ.

ಎರಡು ಹೆತ್ತವಳಿಗೆ ವಾಯು ಯಾವುದು, ಕೂಸು ಯಾವುದು ಎಂದು ತಿಳಿಯದೇ? ಅನ್ನಮ್ಮ ತಲೆ ಬಗ್ಗಿಸಿ ಜಡೆ ಹಾಕಿಸಿಕೊಂಡಳು. ಆ ದಿನವೇ ವಿರೂಪಾಕ್ಷಮ್ಮ ಸೈದಾನಬಿಗೆ ಹೇಳಿಕಳಿಸಿದಳು.

ಸೈದಾನಬಿ ಎರಡು ದಿನ ಬಿಟ್ಟು ಮಧ್ಯಾಹ್ನ ಬಂದು ಹಿಂದಿನ ಕೋಣೆಯಲ್ಲಿ ಕೂತಳು. ಅನ್ನಮ್ಮನನ್ನು ಮಲಗಿಸಿ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಕೈ ಒಂದು ಕಡೆ ನಿಂತಿತು. ಎಷ್ಟು ತಿಂಗಳು ಎಂದು ಕೇಳಿದಳು. ವಿರೂಪಾಕ್ಷಮ್ಮ ಒಂದೊಂದೇ ತಿಂಗಳ ಹೆಸರು ಹೇಳಿ, ಮೂರು ತುಂಬಿ ನಾಲ್ಕರಲ್ಲಿ ಬಿದ್ದಿದೆ ಎಂದಳು.

"ಈ ಸಲ ಅಧಿಕ ಬಿದ್ದಿತ್ತಲ್ರಿ ಅಕ್ಕಾರ?"

"ಅಧಿಕ ಲೆಕ್ಕಕ್ಕ ಬರೂದಿಲ್ಲ."

"ನಮ್ಮಲ್ಲಿ ಅಧಿಕ ಅನ್ನೂದ ಇಲ್ರಿ. ಚಂದ್ರ ಕಂಡಷ್ಟೂ ತಿಂಗಳು" ಎಂದು ಸೈದಾನಬಿ ಆಕೆಯ ಮುಖವನ್ನೇ ನೋಡಿದಳು. ವಿರೂಪಾಕ್ಷಮ್ಮ ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದರೆ ಮಗಳು ಹೋಗುತ್ತಾಳೆ ಎಂದು ಆಕೆಗೆ ಗೊತ್ತಿತ್ತು. ಸೈದಾನಬಿ ಅನ್ನಮ್ಮನ ಸೀರೆ ಸರಿಮಾಡಿ, ನಿಮ್ಮ ಶಾಸ್ತ್ರ ನಿಮಗೆ ಗೊತ್ತು, ಮೂರು ಅಂದರೆ ಮೂರು, ಎಂದು ಎದ್ದು ಹೋಗಿ ಮರುದಿನ ಔಷಧ ತಂದಳು.

ಬೆಳಿಗ್ಗೆ ಶುರುವಾದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು. ಮೊಮ್ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿ, ವಿರೂಪಾಕ್ಷಮ್ಮ ಇಡೀ ದಿನ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅನ್ನಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಈ ಸಲ ನೆತ್ತರು ನಿಂತಿತು, ಮಗಳು ಉಳಿದಳು. ಸೈದಾನಬಿ ಹೊರಬಂದದ್ದನ್ನು ಬೇಗ ಬೇಗ ಬಟ್ಟೆಯಲ್ಲಿ ಸುತ್ತಿದಳು. ಆದರೂ ವಿರೂಪಾಕ್ಷಮ್ಮ ನೋಡಿಬಿಟ್ಟಳು. ಅಂಗೈಯಷ್ಟು ಇತ್ತು. ಬೆರಳುಗಳಿದ್ದವು. ಗಂಡು.

ಸೈದಾನಬಿ ಕೈ ತೊಳೆದುಕೊಂಡು, ಆ ಗಂಟನ್ನು ಸೆರಗಿನೊಳಗೆ ಇಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೋದಳು. ಆಕೆಗೆಂದು ತೆಗೆದಿಟ್ಟಿದ್ದ ಸೀರೆಯನ್ನೂ ಕಾಳನ್ನೂ ಮುಟ್ಟಲಿಲ್ಲ. ಆಕೆಗೆ ತನ್ನ ಸುಳ್ಳು ತಿಳಿಯಿತು ಎಂದುಕೊಂಡಳು ವಿರೂಪಾಕ್ಷಮ್ಮ. ಆ ಹೆಂಗಸು ಯಾವುದನ್ನು ಖೂನಿ ಎನ್ನುತ್ತಿದ್ದಳೋ ಅದನ್ನೇ ಆಕೆಯ ಕೈಯಿಂದ ಮಾಡಿಸಿದೆನಲ್ಲ ಎನಿಸಿತು.

ಮೂರನೆಯ ದಿನ ಅನ್ನಮ್ಮ ಎದ್ದು ಕೂತು ಗಂಜಿ ಕುಡಿದಳು. ಕುಡಿದು ಬಟ್ಟಲು ಕೆಳಗಿಡುತ್ತ, ಗಂಡೋ ಹೆಣ್ಣೋ ಎಂದು ಕೇಳಿದಳು. ತಿಳಿಯುವಷ್ಟು ಬೆಳೆದಿರಲಿಲ್ಲ ಎಂದಳು ತಾಯಿ. ಮೂರು ತಿಂಗಳ ಲೆಕ್ಕಕ್ಕೆ ಆ ಉತ್ತರವೇ ಸರಿ. ಅನ್ನಮ್ಮ ಅಳಲಿಲ್ಲ, ಅದೇ ವಿರೂಪಾಕ್ಷಮ್ಮನಿಗೆ ಹೆಚ್ಚು ಸಂಕಟವಾಯಿತು.

ಯಲಬುರ್ಗಾಕ್ಕೆ ಬಸಿರು ತಾನಾಗಿ ಜಾರಿತೆಂದು ಹೇಳಿಕಳಿಸಿದರು. ಪಂಪಮ್ಮ ನಂಬಿದಳೋ ಇಲ್ಲವೋ, ಬಾಣಂತಿಗೆ ಕಳಿಸುವಂತೆ ಒಂದು ಗಡಿಗೆ ತುಪ್ಪ, ಕೊಬ್ಬರಿ, ಉತ್ತತ್ತಿ ಕಟ್ಟಿ ಕಳಿಸಿದಳು. ಸೊಸೆ ಒಂದು ತಿಂಗಳು ತಣ್ಣೀರು ಮುಟ್ಟಬಾರದು ಎಂದು ಬಂದವನ ಕೈಯಲ್ಲಿ ಹೇಳಿಸಿದ್ದಳು. ಬೈದು ಕಳಿಸಿದ್ದರೆ ವಿರೂಪಾಕ್ಷಮ್ಮ ತಡೆದುಕೊಳ್ಳುತ್ತಿದ್ದಳೇನೋ. ಆ ತುಪ್ಪವನ್ನು ಮಗಳಿಗಷ್ಟೇ ಬಡಿಸಿದಳು, ತಾನು ಒಂದು ಹನಿಯೂ ಮುಟ್ಟಲಿಲ್ಲ.

ಹದಿನೈದು ದಿನ ಹಾಗೇ ತಳ್ಳಿದಳು. ಕೊನೆಗೆ ಒಂದು ಬೆಳಿಗ್ಗೆ ತಾನಾಗಿಯೇ ಸೈದಾನಬಿಯ ಮನೆಗೆ ಹೋದಳು. ಶೆಟ್ಟರ ಮನೆಯ ಹೆಂಗಸು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಸೈದಾನಬಿ ಅಂಗಳದಲ್ಲಿ ಕಸ ಹೊಡೆಯುತ್ತಿದ್ದಳು. ಪೊರಕೆ ಬಿಟ್ಟು ಚಾಪೆ ಹಾಸಿದಳು. ವಿರೂಪಾಕ್ಷಮ್ಮ ಚಾಪೆಯ ಮೇಲೆ ಕೂರದೆ ಆಕೆಯ ಕಾಲು ಹಿಡಿಯಲು ಬಗ್ಗಿದಳು. ತಾನು ಸುಳ್ಳು ಹೇಳಿದ್ದು, ಮೂರಲ್ಲ ನಾಲ್ಕು ದಾಟಿತ್ತು, ಆ ಪಾಪ ನಿನ್ನದಲ್ಲ ನನ್ನದು ಎಂದು ಒಂದೇ ಉಸಿರಿಗೆ ಹೇಳಿದಳು.

ಸೈದಾನಬಿ ಆಕೆಯ ಎರಡೂ ತೋಳು ಹಿಡಿದು ಎತ್ತಿದಳು.

"ಮೂವತ್ತು ವರ್ಷ ಆತ್ರಿ ಅಕ್ಕಾರ, ಈ ಕೈ ಹೊಟ್ಟಿ ಮುಟ್ಟಾಕ ಹತ್ತಿ. ಇಟ್ಟ ಕೂಡ್ಲೆ ಗೊತ್ತಾತು. ಅದು ನನ್ನ ಕೈಯಾಗ ಆಡಿತು. ನೀವು ಮೂರು ಅಂದ್ರಿ, ನಾನೂ ಮೂರು ಅಂದೆ. ಇಲ್ಲ ಅಂದು ಬಾಗಿಲಿನಿಂದ ಕಳಿಸಿದಾಕಿ ಬಾವ್ಯಾಗ ಬಿದ್ದಾಗಿಂದ ನನಗ ನಿದ್ದಿ ಇಲ್ಲ. ಅನ್ನಮ್ಮನ್ನ ಹೊರಗ ತಂದದ್ದೂ ಈ ಕೈಯ."

ಪಾಪವನ್ನು ಹಂಚಿಕೊಂಡರೆ ಹಗುರಾಗುತ್ತದೆ ಎನ್ನುವವರು ಹಂಚಿಕೊಂಡು ನೋಡಿದವರಲ್ಲ. ವಿರೂಪಾಕ್ಷಮ್ಮನಿಗೆ ಒಂದು ಗುಂಜಿಯಷ್ಟೂ ಹಗುರಾಗಲಿಲ್ಲ. ಚಾಪೆಯ ಮೇಲೆ ಕೂತು, ಆ ಗಂಟನ್ನು ಏನು ಮಾಡಿದೆ ಎಂದು ಕೇಳಿದಳು.

ಸೈದಾನಬಿ ನೆಲ ನೋಡುತ್ತ ಹೇಳಿದಳು. ನಾಲ್ಕು ದಾಟಿದ್ದನ್ನು ತಮ್ಮಲ್ಲಿ ಹಾಗೇ ಹೂಳುವುದಿಲ್ಲ, ಮನುಷ್ಯರಿಗೆ ಮಾಡಿದಂತೆ ಮಾಡಬೇಕು. ತೊಳೆದಳು, ಬಿಳಿ ಬಟ್ಟೆ ಸುತ್ತಿದಳು, ಹಳ್ಳದ ದಂಡೆಯಲ್ಲಿ ತಾನೇ ತಗ್ಗು ತೋಡಿದಳು. ಶೆಟ್ಟರ ಕಡೆಯವರು ಕೂರಿಸಿ ಮಣ್ಣು ಮಾಡುತ್ತಾರೆಂದು ಗೊತ್ತಿತ್ತು. ಅಷ್ಟು ಸಣ್ಣದು ಕೂರಲಿಲ್ಲ, ಮಲಗಿಸಿದಳು.

"ಹೆಸರಿಡದೆ ಮಣ್ಣು ಹಾಕಬಾರದ್ರಿ. ನಮ್ಮ ಹೆಸರು ಇಟ್ರ ನಿಮಗ ಸಲ್ಲೂದಿಲ್ಲ. ಸತ್ತ ಅಜ್ಜನ ಹೆಸರು ಮೊಮ್ಮಗಗ ಇಡ್ತೀರಿ ಅಂತ ಕೇಳಿದ್ದೆ. ಅದಕ್ಕ ಯಜಮಾನರ ಹೆಸರ ಇಟ್ಟೆ. ಮೂರು ಸಲ ಕರದು ಮಣ್ಣು ಹಾಕಿದೆ."

ವಿರೂಪಾಕ್ಷಮ್ಮ ಹೇಗೆ ಮನೆ ಸೇರಿದಳೋ ತಿಳಿಯದು. ಅನ್ನಮ್ಮ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ತಾಯಿ ಎದುರಿಗೆ ಕೂತು, ಈ ಸಲ ಏನನ್ನೂ ಮುಚ್ಚಿಡಲಿಲ್ಲ. ನಾಲ್ಕು ದಾಟಿತ್ತು. ಅವತ್ತು ನಿನಗಾದದ್ದು ವಾಯುವಲ್ಲ. ಬೆರಳಿದ್ದವು, ಗಂಡು ಕೂಸು, ನಾನು ಕಣ್ಣಾರೆ ನೋಡಿದೆ. ಸೈದಾನಬಿ ಹೆಸರಿಟ್ಟು ಮಣ್ಣು ಮಾಡಿದ್ದಾಳೆ.

"ಏನು ಹೆಸರು?" ಎಂದಳು ಅನ್ನಮ್ಮ.

ವಿರೂಪಾಕ್ಷಮ್ಮ ಬಾಯಿ ತೆರೆದಳು. ಹನ್ನೆರಡು ವರ್ಷಕ್ಕೆ ಮದುವೆಯಾಗಿ ಬಂದವಳು, ಗಂಡನ ಹೆಸರನ್ನು ಒಂದು ದಿನವೂ ಬಾಯಿಂದ ಆಡಿದವಳಲ್ಲ. ಸತ್ತ ದಿನ ಹೆಣದ ಮುಂದೆ ಅತ್ತಾಗಲೂ ಆಡಿರಲಿಲ್ಲ. ಮೊಮ್ಮಗನನ್ನು ಕರೆಯಲೆಂದರೂ ಆ ಹೆಸರು ಈಗ ನಾಲಿಗೆಗೆ ಬರಲಿಲ್ಲ. ಎರಡು ಸಲ ತುಟಿ ಆಡಿಸಿ, "ನಿಮ್ಮಪ್ಪಂದು" ಎಂದಷ್ಟೇ ಹೇಳಿದಳು.

ಅನ್ನಮ್ಮನ ಮುಖ ಆಗ ಒಡೆಯಿತು. ಹದಿನೈದು ದಿನ ತಡೆದಿದ್ದ ಅಳು ಒಮ್ಮೆಲೇ ಬಂತು. ತಾಯಿ ಎದೆಗೆ ಒರಗಿಸಿಕೊಳ್ಳಲು ಎಳೆದಳು, ಅವಳು ಬರಲಿಲ್ಲ, ಆಮೇಲೆ ಬಂದಳು. ಅತ್ತು ಅತ್ತು ಸೋತ ಮೇಲೆ, ಬೀದಿಯಲ್ಲಿ ಆಡುವ ಹುಡುಗನನ್ನು ಊಟಕ್ಕೆ ಕರೆಯುವಂತೆ, "ಅಂದಪ್ಪಾ" ಎಂದು ಮೆಲ್ಲಗೆ ಒಮ್ಮೆ ಕರೆದಳು. ವಿರೂಪಾಕ್ಷಮ್ಮ ಮಗಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೇಳುತ್ತ ಕೂತಿದ್ದಳು. ಮನೆಯಲ್ಲಿ ಯಾರೂ ಓ ಎನ್ನಲಿಲ್ಲ.