ಮನೋಳಿ ಹೊಳೆಗೆ ಬಿಟ್ಟ ಫೋನು

ಬುಧವಾರ ಬೆಳಗಾವಿಗೆ ಹೋಗಿ ಫೋನು ಒಪ್ಪಿಸಬೇಕಿತ್ತು. ಅಲ್ಲಿಯವರೆಗೆ ಅದರಲ್ಲಿ ಏನನ್ನೂ ಅಳಿಸಕೂಡದೆಂದು ಟೆನಿಸ್ ಸಂಸ್ಥೆಯ ತನಿಖೆಯವರು ಹೇಳಿದ್ದರು. ಸಿದ್ದರಾಮ ಅದನ್ನು ಬಂದ್ ಮಾಡಿ ಗೋಡೆಯ ದೇವರ ಮಾಡದಲ್ಲಿ, ಅರಿಶಿನ ಭಂಡಾರದ ಬಟ್ಟಲಿನ ಪಕ್ಕ ಇಟ್ಟ. ಆ ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಇರಲಿಲ್ಲ.

ದೊಡವಾಡದಿಂದ ಟೆನಿಸ್ ಆಡಲು ಹೋದವನು ಅವನೊಬ್ಬನೇ. ಅಪ್ಪ ಬೀರಪ್ಪ ಬೈಲಹೊಂಗಲದ ಕ್ಲಬ್ಬಿನಲ್ಲಿ ಕೆಮ್ಮಣ್ಣಿನ ಅಂಗಳಕ್ಕೆ ನೀರು ಹೊಡೆದು ರೋಲರ್ ಎಳೆಯುತ್ತಿದ್ದ. ಸಾಹೇಬರೊಬ್ಬರು ಬಿಟ್ಟುಹೋದ ರಾಕೆಟ್ಟಿನಿಂದ ಶುರುವಾದ ಆಟ ಧಾರವಾಡ, ಪುಣೆ ದಾಟಿ ಈಜಿಪ್ಟಿನವರೆಗೆ ಹೋಯಿತು. ಜಗತ್ತಿನ ಆಟಗಾರರಲ್ಲಿ ಅವನು ನಾಲ್ಕುನೂರ ಹನ್ನೆರಡನೆಯವನಾದ ವಾರ ಊರವರು ಬಸ್‌ಸ್ಟ್ಯಾಂಡಿನಲ್ಲಿ ಬ್ಯಾನರ್ ಕಟ್ಟಿದರು. ಅಪ್ಪ ಅದನ್ನು ನೋಡಿದ. ಆ ವರ್ಷವೇ ತೀರಿಹೋದ.

ಧಾರವಾಡದಲ್ಲಿ ಜೊತೆಗೆ ಆಡುತ್ತಿದ್ದ ಮಹಾದೇವ ಹೊಸ ಫೋನು ಕೊಟ್ಟಿದ್ದ. ಒಂದು ದಿನ ಅದಕ್ಕೇ ಬರೆದ: ಎರಡನೇ ಸೆಟ್ ಸೋಲು, ಬೇಕಾದರೆ ಮ್ಯಾಚ್ ಗೆಲ್ಲು. ಸಿದ್ದರಾಮ ಸೋತ. ಮೂರನೆಯದನ್ನು ಗೆಲ್ಲಬಹುದೆಂದುಕೊಂಡಿದ್ದ, ಅದೂ ಹೋಯಿತು. ಮುಂದೆ ಎರಡು ಸಲ ಕೇಳಿದಾಗ ‘ಆಗೂದಿಲ್ಲ, ಇನ್ನ ನನಗ ಬರೀಬ್ಯಾಡ’ ಎಂದು ಬರೆದ. ಆದರೂ ಮಹಾದೇವ ಬಾಜಿ ಕಟ್ಟುವವರಿಗೆ ಅವನ ಹೆಸರನ್ನು ಮೂರು ಸಲವೂ ಮಾರಿದ್ದ; ಸಿಕ್ಕಿಬಿದ್ದಾಗ ಮೂರನ್ನೂ ಅವನ ಮೇಲೆ ಹಾಕಿದ. ತನ್ನ ಕಡೆಯದನ್ನೆಲ್ಲ ಅಳಿಸಿಹಾಕಿದ್ದ. ಆಗೂದಿಲ್ಲ ಎಂದ ಮಾತು ಉಳಿದದ್ದು ಮಾಡದಲ್ಲಿದ್ದ ಫೋನಿನಲ್ಲಿ ಮಾತ್ರ. ಒಂದು ತಪ್ಪಿಗಾದರೆ ಮೂರು ವರ್ಷ ನಿಷೇಧ. ಮೂರಕ್ಕಾದರೆ ಬದುಕಿರುವವರೆಗೆ.

“ಅದನ್ನ ಯಾರ ಕೊಟ್ಟಾರೋ?” ತಾಯಿ ಮುದಕವ್ವ ಸೋಮವಾರ ಕೇಳಿದ್ದಳು.

“ಮಾದೇವ.”

“ಆ ಮಂಗ್ಯಾನ ಮಗನ?”

ಮಂಗಳವಾರ ಅವನು ಎದ್ದಾಗ ತಾಯಿ ಇರಲಿಲ್ಲ. ಪಕ್ಕದ ಮನೆಯ ಕರೆವ್ವನ ಜೊತೆ ಸವದತ್ತಿ ಗುಡ್ಡಕ್ಕೆ ಹೋಗಿದ್ದಳು. ಹೊತ್ತು ಇಳಿದ ಮೇಲೆ ಇಬ್ಬರೂ ಬಂದರು.

“ನಿಮ್ಮವ್ವ ಮನೋಳಿ ಹೊಳಿತನಕ ಬಾಯಿ ಬಿಡಲಿಲ್ಲಪಾ,” ಕರೆವ್ವ ಬಾಗಿಲಲ್ಲೇ ನಕ್ಕಳು. “ಕಂಡಕ್ಟರ್ ಕೇಳಿದ್ರ ಬರೀ ಕೈಸನ್ನಿ! ಪಾಪ, ಮೂಕಿ ಅಂತ ತನ್ನ ಸೀಟ ಬಿಟ್ಟುಕೊಟ್ಟ.”

“ಮಾತಾಡಿದ್ರ ಕೆಡತೈತಿ,” ಎಂದಳು ಮುದಕವ್ವ. ಮಗನ ಹಣೆಗೆ ಭಂಡಾರ ಹಚ್ಚಿದಳು. “ನಸಿಕಿನ್ಯಾಗ ನೀ ಮಲಗಿದಾಗ ನಿವಾಳಿಸಿ ಇಳಿ ತಗದೆ. ಉಪ್ಪು, ಮೆಣಸಿನಕಾಯಿ, ನಿಂಬಿಹಣ್ಣು. ಅದರ ಕೂಡ ಆ ಫೋನು. ಅದು ಬಂದಾಗಿಂದನ ನಿನಗ ಪೀಡಾ ಹತ್ತೈತಿ. ಹೊಳ್ಯಾಗ ಬಿಟ್ಟು, ತಿರುಗಿ ನೋಡಲಾರದ ಬಂದೆ.”

ಸಿದ್ದರಾಮ ಮಾಡದತ್ತ ನೋಡಿದ. ಭಂಡಾರದ ಬಟ್ಟಲು ಇತ್ತು.

“ಎಲ್ಲಿ ಬಿಟ್ಟಿ?”

“ಬ್ರಿಜ್ಜಿನ ನಟ್ಟನಡುವ. ಹೊಳಿ ತುಂಬಿ ಹರ್ಯಾಕ ಹತ್ತೈತಿ. ಇನ್ನ ಉಣ್ಣು.”

ಬೆಳಗಿನಿಂದ ಅವಳು ನೀರೂ ಕುಡಿದಿರಲಿಲ್ಲ. ಅವನು ರೊಟ್ಟಿ ಮುರಿದು ಅವಳ ತಾಟಿಗೆ ಹಾಕಿದ.

ಮರುದಿನ ಬೆಳಗಾವಿಯ ಹೋಟೆಲಿನ ಕೋಣೆಯಲ್ಲಿ ತನಿಖೆಯವರಿಬ್ಬರು ಕೂತಿದ್ದರು. ಕನ್ನಡ ಬರುತ್ತಿದ್ದವನು ಫೋನು ಕೇಳಿದ.

“ಹೊಳ್ಯಾಗ ಹೋತ್ರಿ.”

“ಯಾರು ಎಸೆದರು?”

ಈ ಇಬ್ಬರೂ ದೊಡವಾಡಕ್ಕೆ ಬಂದು, ಪಡಸಾಲೆಯಲ್ಲಿ ತಾಯಿಯನ್ನು ಕೂರಿಸಿಕೊಂಡು, ಆ ಫೋನಿನಲ್ಲಿ ಏನಿತ್ತೆಂದು ಅವಳಿಗೆ ತಿಳಿಸಿ ಹೇಳುವುದನ್ನು ಅವನು ಮನಸ್ಸಿನಲ್ಲೇ ಕಂಡ.

“ನಾನ ಒಗದೆ,” ಎಂದ.

ಇಪ್ಪತ್ತು ದಿನಕ್ಕೆ ಕಾಗದ ಬಂತು. ಆಡುವಂತಿಲ್ಲ, ಕಲಿಸುವಂತಿಲ್ಲ, ಪಂದ್ಯ ನಡೆಯುವ ಮೈದಾನಕ್ಕೆ ಕಾಲಿಡುವಂತಿಲ್ಲ. ಜೀವಮಾನ ಪೂರ್ತಿ. ಸಾಕ್ಷ್ಯ ನಾಶ ಮಾಡಿದ್ದು ಬೇರೆ ತಪ್ಪಾಗಿ ಸೇರಿತ್ತು.

“ಏನ ಬರದಾರೋ?” ಒಲೆಯ ಮುಂದಿನಿಂದ ಮುದಕವ್ವ ಕೇಳಿದಳು.

“ವಿಚಾರಣಿ ಮುಗೀತಂತ. ಇನ್ನ ಕರಿಯೂದಿಲ್ಲಂತ.”

ಅವಳು ಹಿಟ್ಟಿನ ಕೈಯನ್ನೇ ಎತ್ತಿ ಮಾಡಕ್ಕೆ ಮುಗಿದಳು.

“ನೋಡಿದಿ? ಅವತ್ತ ಬಸ್ಸಿನ್ಯಾಗ ಒಂದ ಮಾತ ಆಡಿದ್ರ ಎಲ್ಲಾ ಕೆಡತಿತ್ತು.”

ಸಿದ್ದರಾಮ ಹೂಂ ಎಂದ.